ಶಿಕ್ಷೆಯ ಜೊತೆಗೆ ಚಿಕಿತ್ಸೆ ಏಕೆ?

ಮಾನ್ಯ ಓದುಗರೇ,

ಕುಡಿದು ವಾಹನ ಓಡಿಸಿ ಎರಡನೆಯ ಸಲ ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಚಿಕಿತ್ಸೆಗೆ ಕಳುಹಿಸುವುದು ಅವನಿಗೆ ತೋರುವ ರಿಯಾಯಿತಿಯಲ್ಲವೇ, ಪರವಾನಗಿ ಕಿತ್ತುಕೊಂಡು ಸೆರೆಮನೆಗೆ ಹಾಕಿದರೆ ಸಾಲದೇ ಎಂದು ತಾವು ಕೇಳಿದ್ದೀರಿ. ಅವನ ವಾಹನಕ್ಕೆ ಸಿಕ್ಕಿ ತಮ್ಮ ಸೋದರಿ ಊರುಗೋಲು ಹಿಡಿಯುವಂತಾಯಿತೆಂಬ ಸಾಲನ್ನು ಓದಿದ ಮೇಲೆ ತಮ್ಮ ಸಿಟ್ಟು ಸಲ್ಲದೆನ್ನಲು ನನಗೆ ಬಾಯಿ ಬರುವುದಿಲ್ಲ. ಶಿಕ್ಷೆ ಆಗಲೇಬೇಕು.

ಆದರೆ ಪರವಾನಗಿ ರದ್ದಾದ ಮಾತ್ರಕ್ಕೆ ಕುಡಿತ ನಿಲ್ಲುವುದಿಲ್ಲ. ಪರವಾನಗಿ ಇಲ್ಲದೆಯೇ ವಾಹನ ಹತ್ತುವವರೂ ಇದ್ದಾರೆ. ಉಸಿರಿನಲ್ಲಿ ಮದ್ಯದ ಅಂಶ ಕಂಡರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಂಟರ್‌ಲಾಕ್ ಉಪಕರಣವು ವಾಹನದಲ್ಲಿರುವಷ್ಟು ಕಾಲ ಅಪರಾಧ ಮರುಕಳಿಸುವುದು ಕಡಿಮೆಯಾಗುತ್ತದೆ, ಅದನ್ನು ಕಳಚಿದ ಮೇಲೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕುಡಿಯಬೇಕೆಂಬ ಹಂಬಲ ಅಷ್ಟು ಕಾಲವೂ ಇದ್ದಲ್ಲೇ ಇರುತ್ತದೆ.

ಹಾಗೆಂದು ಸಿಕ್ಕಿಬಿದ್ದವರೆಲ್ಲ ವ್ಯಸನಿಗಳಲ್ಲ, ಆದ್ದರಿಂದ ಮೊದಲು ಆಗಬೇಕಾದದ್ದು ಮೌಲ್ಯಮಾಪನ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ನ್ಯಾಯಾಲಯದ ಭಯವಿದ್ದವನು ಕುಡಿತವನ್ನು ಕಡಿಮೆ ಮಾಡಿ ಹೇಳುವುದು ಸಹಜವಾದ್ದರಿಂದ ಅವನ ಉತ್ತರಗಳನ್ನಷ್ಟೇ ನಂಬಬಾರದು. ಬಂಧನದ ವೇಳೆ ರಕ್ತದಲ್ಲಿ ಮದ್ಯದ ಪ್ರಮಾಣ ಬಹಳ ಹೆಚ್ಚಿದ್ದೂ ಅವನು ತೊದಲದೆ, ತೂರಾಡದೆ ನಿಂತಿದ್ದನೆಂದು ದಾಖಲೆಯಲ್ಲಿದ್ದರೆ, ದೇಹ ಮದ್ಯಕ್ಕೆ ಒಗ್ಗಿಹೋಗಿದೆಯೆಂಬುದಕ್ಕೆ ಅದು ಬಲವಾದ ಸೂಚನೆ.

ವ್ಯಸನ ಇನ್ನೂ ಬೇರೂರದವರಿಗೆ ಕೆಲವು ಭೇಟಿಗಳ ಆಪ್ತಸಮಾಲೋಚನೆ ಸಾಕಾಗಬಹುದು. ಬೇರೂರಿದವರಿಗೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಗಳೂ ಇವೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ದಿನವೂ ವಿಪರೀತ ಕುಡಿಯುತ್ತಿದ್ದವನು ವೈದ್ಯರ ನಿಗಾ ಇಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಇಂದಿನಿಂದ ಕುಡಿಯಕೂಡದೆಂದು ಬರಿಯ ಆದೇಶ ಹೊರಡಿಸುವುದು ಅದಕ್ಕಾಗಿಯೇ ಸರಿಯಲ್ಲ.

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯವು 2005ರಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ಕುಡಿದು ವಾಹನ ಓಡಿಸಿ ಮತ್ತೆ ಸಿಕ್ಕಿಬಿದ್ದವರು ದಿನಕ್ಕೆರಡು ಬಾರಿ ಉಸಿರಿನ ಪರೀಕ್ಷೆಗೆ ಹಾಜರಾಗಬೇಕು. ಕುಡಿದದ್ದು ಗೊತ್ತಾದರೆ ಸೆರೆವಾಸ ಅಲ್ಪಾವಧಿಯದಾದರೂ ತಕ್ಷಣ ಆಗುತ್ತದೆ. ಎಂದೋ ಬರಬಹುದಾದ ದೊಡ್ಡ ಶಿಕ್ಷೆಗಿಂತ ಇದು ಹೆಚ್ಚು ನಾಟುತ್ತದೆಂದು ನನ್ನ ಎಣಿಕೆ, ಆದರೆ ಚಿಕಿತ್ಸೆ ಜೊತೆಗಿಲ್ಲದಿದ್ದರೆ ನಿಗಾ ಮುಗಿದ ದಿನದ ಚಿಂತೆ ಉಳಿದೇ ಇರುತ್ತದೆ.

ಅಪರಾಧಿಯ ಶಿಕ್ಷೆಯ ಪ್ರಮಾಣ ಇನ್ನೂ ನಿರ್ಧಾರವಾಗಬೇಕೆಂದು ಬರೆದಿದ್ದೀರಿ. ಅಂದು ತಮ್ಮ ಸೋದರಿಗೆ ಮಾತನಾಡಲು ಅವಕಾಶ ದೊರೆತರೆ, ಕುಡಿತದ ಮೌಲ್ಯಮಾಪನವನ್ನೂ, ಪ್ರಗತಿಯ ವರದಿ ನಿಯತವಾಗಿ ನ್ಯಾಯಾಲಯಕ್ಕೆ ಬರುವಂಥ ಚಿಕಿತ್ಸೆಯನ್ನೂ ಶಿಕ್ಷೆಯ ಜೊತೆಗೆ ಆದೇಶದಲ್ಲಿ ಸೇರಿಸುವಂತೆ ದಯವಿಟ್ಟು ಕೋರಲಿ.

ಸಂಪಾದಕ