'ದಿ ಫ್ಲೈ' ಸಿನಿಮಾದ ಹಾಗೆ ಮಂಡ್ಯದಲ್ಲಿ ಮಾಯವಾಗಿ ಬೆಂಗಳೂರಿನಲ್ಲಿ ಪ್ರತ್ಯಕ್ಷವಾಗಲು ಆಗುತ್ತಾ?

ಸದ್ಯಕ್ಕಂತೂ ಆಗುವುದಿಲ್ಲ. ಆದರೆ ಆಸೆ ಅರ್ಥವಾಗುತ್ತದೆ, ಯಾಕೆಂದರೆ ನಾನೂ ಮಂಡ್ಯದಿಂದ ದಿನಾ ಬೆಳಗ್ಗೆ ರೈಲು ಹತ್ತುವವನೇ. ಸೀಟು ಸಿಗದೆ ಬಾಗಿಲ ಹತ್ತಿರ ಒಂಟಿ ಕಾಲಲ್ಲಿ ನಿಂತಾಗ, ಮದ್ದೂರು ವಡೆ ಮಾರುವವನ ಬುಟ್ಟಿ ಮೊಣಕೈಗೆ ತಾಗಿದಾಗಲೆಲ್ಲ ಆ ಸಿನಿಮಾದ ಪೆಟ್ಟಿಗೆಯೇ ಕಣ್ಣ ಮುಂದೆ ಬರುತ್ತದೆ.

1986ರ ಆ ಸಿನಿಮಾದಲ್ಲಿ (1958ರಲ್ಲೂ ಒಂದು ಬಂದಿತ್ತು) ವಿಜ್ಞಾನಿ ಒಂದು ಪೆಟ್ಟಿಗೆಯೊಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಾನೆ. ಜೊತೆಗೆ ಒಂದು ನೊಣ ಸೇರಿಕೊಂಡಿರುತ್ತದೆ, ಕಂಪ್ಯೂಟರ್ ಎರಡನ್ನೂ ಬೆರೆಸಿ ಒಂದೇ ಜೀವ ಮಾಡಿಬಿಡುತ್ತದೆ. ಉಗುರು ಕಿತ್ತು ಬರುವ ಸೀನ್ ನೋಡಿ ನಾನು ಅವತ್ತು ಊಟ ಬಿಟ್ಟೆ.

ನಿಜದಲ್ಲಿ ಇರುವುದು ಕ್ವಾಂಟಮ್ ಟೆಲಿಪೋರ್ಟೇಶನ್. 1993ರಲ್ಲಿ ಕಾಗದದ ಮೇಲೆ, 1997ರಲ್ಲಿ ಪ್ರಯೋಗದಲ್ಲಿ. ಇಲ್ಲಿ ವಸ್ತು ಹೋಗುವುದೇ ಇಲ್ಲ. ಒಂದು ಬೆಳಕಿನ ಕಣದ ಸ್ಥಿತಿ ಮಾತ್ರ ಆ ಕಡೆಯ ಇನ್ನೊಂದು ಕಣಕ್ಕೆ ಬರುತ್ತದೆ, ಈ ಕಡೆಯ ಕಣದ ಸ್ಥಿತಿ ಅಳಿಸಿಹೋಗುತ್ತದೆ. ಅದಕ್ಕೂ ಈ ಕಡೆ ಮಾಡಿದ ಅಳತೆಯ ಫಲಿತಾಂಶವನ್ನು ಆ ಕಡೆಗೆ ಮಾಮೂಲಿ ಸಂದೇಶದ ದಾರಿಯಲ್ಲೇ ಕಳಿಸಬೇಕು, ಹಾಗಾಗಿ ಬೆಳಕಿಗಿಂತ ಬೇಗ ಏನೂ ಆಗುವುದಿಲ್ಲ. 2017ರಲ್ಲಿ ಚೀನಾದವರು ನೆಲದಿಂದ ಉಪಗ್ರಹಕ್ಕೆ, 1,400 ಕಿ.ಮೀ.ವರೆಗೂ ಇದನ್ನು ಮಾಡಿ ತೋರಿಸಿದರು.

ಅದು ಒಂದೊಂದೇ ಕಣದ ಲೆಕ್ಕ. 70 ಕೆಜಿ ಮನುಷ್ಯನಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ! ಅಷ್ಟೂ ಸರಿಹೋಯಿತು ಅಂತಲೇ ಇಟ್ಟುಕೊಳ್ಳಿ. ಮಂಡ್ಯದ ನಾನು ಅಳಿಸಿಹೋದ ಮೇಲೆ, ಬೆಂಗಳೂರಿನಲ್ಲಿ ಎದ್ದು ನಿಂತವನು ನಾನೇನಾ? ನಾನಂತೂ ಸದ್ಯಕ್ಕೆ ಸೀಸನ್ ಪಾಸ್ ರಿನ್ಯೂ ಮಾಡಿಸಿದ್ದೇನೆ.