ಪ್ರತಿಕ್ರಿಯೆ: ಭಯವನ್ನು ಬಚ್ಚಿಡಬೇಕೇ?

ಪತ್ನಿಗೆ ಸ್ತನ ಕ್ಯಾನ್ಸರ್ ಇರುವುದು ಖಚಿತವಾದಂದಿನಿಂದ ಅವರು ಮೌನವಾಗಿದ್ದಾರೆ, ನಿಮ್ಮ ಭಯವನ್ನು ಅವರೆದುರು ಬಚ್ಚಿಡಬೇಕೇ ಎಂದು ಕೇಳಿದ್ದೀರಿ. ಪೂರ್ತಿಯಾಗಿ ಬಚ್ಚಿಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಸಂಗಾತಿಗೆ ನೋವಾಗದಿರಲೆಂದು ಆತಂಕವನ್ನು ನುಂಗಿಕೊಂಡು ಧೈರ್ಯದ ಮುಖ ಹೊತ್ತಿರುವುದು ರಕ್ಷಣೆಯಂತೆ ಕಂಡರೂ, ಅಂತಹ ದಂಪತಿಗಳಲ್ಲಿ ಸಂಕಟ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. “ನನಗೂ ಭಯವಾಗುತ್ತಿದೆ, ಮಾತನಾಡೋಣವೇ, ಸುಮ್ಮನೆ ಜೊತೆಗೆ ಕೂರಲೇ?” ಎಂದು ಕೇಳಿ, ಆಯ್ಕೆಯನ್ನು ಅವರಿಗೇ ಬಿಡಿ, ಅವರು ಮೌನವನ್ನೇ ಆರಿಸಿಕೊಂಡರೆ ಅದನ್ನು ನಿಮ್ಮ ಮೇಲಿನ ಮುನಿಸೆಂದು ತಿಳಿಯಬೇಡಿ. ‘ಎಲ್ಲ ಸರಿಹೋಗುತ್ತದೆ’ ಎಂಬ ಮಾತು (ಅದು ಹೇಳುವವರಿಗೇ ಹೆಚ್ಚು ಸಮಾಧಾನ ಕೊಡುವಂಥದ್ದು) ಸದ್ಯಕ್ಕೆ ಬೇಡ. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಸೇರಿ ಬರೆದುಕೊಳ್ಳಿ. ಮನಸ್ಸಿನ ಸಂಕಟವನ್ನು 0ಯಿಂದ 10ರವರೆಗೆ ಅಳೆಯುವ ‘ಡಿಸ್ಟ್ರೆಸ್ ಥರ್ಮಾಮೀಟರ್’ ಎಂಬ ಸರಳ ಮಾಪಕವಿದೆ. ಸಾಮಾನ್ಯವಾಗಿ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯುವುದು ಒಳ್ಳೆಯದು, ನಿಮಗೂ ಸಹ.