ಬ್ಲಾಕ್ ಬ್ಲಾಸ್ಟ್: ದೊಡ್ಡ ಚೌಕ ಬಂದಾಗಲೇ ಆಟ ಮುಗಿಯುವುದು ಯಾಕೆ?

ಪ್ರಶ್ನೆ: ಸರ್, ನಾನು ದಿನಾ ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವವಳು. ದಾರಿಯಲ್ಲಿ ಮೊಬೈಲಿನಲ್ಲಿ ಬ್ಲಾಕ್ ಬ್ಲಾಸ್ಟ್ ಆಡುತ್ತೇನೆ. ಸಣ್ಣವಳಿರುವಾಗ ಬ್ರಿಕ್ ಗೇಮ್ ಚೆನ್ನಾಗಿ ಆಡುತ್ತಿದ್ದೆ. ಇದರಲ್ಲಿ ಮಾತ್ರ ಮೂರು-ಮೂರರ ಚೌಕ ಬಂದರೆ ಸಾಕು, ಆಟ ಮುಗಿಯಿತು. ಎಂತ ಮಾಡುವುದು?
– ಓದುಗರು, ಕಾಸರಗೋಡು

ಉತ್ತರ: ನಿಮಗೆ ಅಡ್ಡ ಬರುತ್ತಿರುವುದು ಆ ಬ್ರಿಕ್ ಗೇಮಿನ ಅಭ್ಯಾಸವೇ ಇರಬೇಕು. ಅದರ ಮೂಲ 1984ರಲ್ಲಿ ಅಲೆಕ್ಸಿ ಪಜಿತ್ನೊವ್ ಮಾಸ್ಕೋದಲ್ಲಿ ಮಾಡಿದ ಟೆಟ್ರಿಸ್. ಅಲ್ಲಿ ಒಂದು ಸಾಲು ಅಳಿದರೆ ಮೇಲಿನದ್ದೆಲ್ಲ ಕೆಳಗಿಳಿಯುತ್ತದೆ, ತುಂಡನ್ನು ತಿರುಗಿಸಲೂ ಆಗುತ್ತದೆ. ಇಲ್ಲಿ ಎರಡೂ ಇಲ್ಲ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಹಾಗಾಗಿ ಸಾಲು ಅಳಿಸುವುದಕ್ಕಿಂತ ಜಾಗ ಉಳಿಸುವುದೇ ಇಲ್ಲಿ ಮುಖ್ಯ.

ಎಂಟು ಅಡ್ಡಸಾಲು, ಎಂಟು ಕಂಬಸಾಲು (ಮೇಲಿಂದ ಕೆಳಕ್ಕೆ ಇರುವ ಸಾಲು), ಒಟ್ಟು 64 ಮನೆ, ಪ್ರತಿ ಸುತ್ತಿಗೂ ಕೈಯಲ್ಲಿ ಮೂರು ತುಂಡು. ಯಾವ ಸಾಲು ಪೂರ್ತಿ ತುಂಬುತ್ತದೋ ಅದು ಅಳಿಯುತ್ತದೆ, ಕೈಯಲ್ಲಿರುವ ಯಾವ ತುಂಡಿಗೂ ಜಾಗ ಇಲ್ಲದಿದ್ದರೆ ಆಟ ಮುಗಿಯಿತು. ಮೂರನ್ನೂ ನೋಡದೆ ಮೊದಲನೆಯದನ್ನು ಮುಟ್ಟಲೇಬೇಡಿ, ಯಾಕೆಂದರೆ ಅವನ್ನು ಆರು ಕ್ರಮದಲ್ಲಿ ಇಡಬಹುದು, ಎಷ್ಟೋ ಸಲ ಅದರಲ್ಲಿ ಒಂದೇ ಕ್ರಮ ನಿಮ್ಮನ್ನು ಉಳಿಸುತ್ತದೆ. ಒಂದು ಉದಾಹರಣೆ ಹೇಳುತ್ತೇನೆ, ಬೇಕಾದರೆ ಕಾಗದದಲ್ಲಿ ಬರೆದು ನೋಡಿ. ಆರು ಮತ್ತು ಏಳನೇ ಸಾಲಿನಲ್ಲಿ ಎಡಗಡೆಯ ಮೂರು ಮನೆ ಮಾತ್ರ ಖಾಲಿ. ಕೆಳಗಿನ ಎಂಟನೇ ಸಾಲಿನಲ್ಲಿ ಬಲಗಡೆಯ ಮೂರು ಖಾಲಿ. ಐದನೇ ಸಾಲಿನಲ್ಲಿ ಒಂದು ಬಿಟ್ಟು ಒಂದು ಮನೆ ತುಂಬಿದೆ, ಅದರ ಮೇಲೆಯೂ ಚೌಕಕ್ಕೆ ಜಾಗವಿಲ್ಲ. ಮೂರರಲ್ಲಿ ಒಂದು ತುಂಡು ಇಟ್ಟಾಗಿದೆ, ನಿಮ್ಮ ಕೈಯಲ್ಲಿ ಉಳಿದದ್ದು ಒಂದು ಅಡ್ಡ ಮೂರರ ಪಟ್ಟಿ, ಒಂದು ದೊಡ್ಡ ಚೌಕ.

ಪಟ್ಟಿಯನ್ನು ಆರನೇ ಸಾಲಿಗೆ ತಂದರೆ ಆ ಸಾಲು ಹೊಳೆಯುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ಇಟ್ಟಿರೋ, ಸಾಲು ಅಳಿಯುತ್ತದೆ ನಿಜ, ಚೌಕಕ್ಕೆ ಮಾತ್ರ ಎಲ್ಲೂ ಜಾಗ ಇಲ್ಲ. ಅದೇ ಪಟ್ಟಿಯನ್ನು ಎಂಟನೇ ಸಾಲಿಗೆ ಹಾಕಿ ನೋಡಿ. ಆ ಸಾಲು ಪೂರ್ತಿ ಖಾಲಿ ಆಗುತ್ತದೆ, ಎಡಮೂಲೆಯಲ್ಲಿ ಚೌಕ ಸರಿಯಾಗಿ ಕೂರುತ್ತದೆ, ಅದು ಕೂತ ಕೂಡಲೇ ಆರು, ಏಳು ಎರಡೂ ಒಟ್ಟಿಗೆ ಅಳಿಯುತ್ತವೆ. ಪಟ್ಟಿ ಅದೇ, ಅಂಕವೂ ಜಾಸ್ತಿ, ಅಲ್ವಾ?

ಪ್ರತಿ ಸುತ್ತು ಮುಗಿದಾಗಲೂ ಒಮ್ಮೆ ಕೇಳಿಕೊಳ್ಳಿ: ಈಗ ಚೌಕ ಬಂದರೆ ಎಲ್ಲಿ ಇಡಲಿ? ಐದರ ಉದ್ದ ಪಟ್ಟಿ ಬಂದರೆ? ಎರಡಕ್ಕೂ ಜಾಗ ಕಾಣದಿದ್ದರೆ ಅಂಕದ ಆಸೆ ಬಿಟ್ಟು ಮೊದಲು ಜಾಗ ಮಾಡಿ. ತುಂಡುಗಳನ್ನು ಆದಷ್ಟು ಅಂಚಿಗೆ, ಮೊದಲೇ ಇದ್ದ ಬ್ಲಾಕಿಗೆ ಒತ್ತಿ ಇಡಿ. ನಡುವಿನಲ್ಲಿ ಸುಮ್ನೆ ಒಂದು ತುಂಡು ಬಿಟ್ಟರೆ ಸುತ್ತಲಿನ ಜಾಗವೆಲ್ಲ ಹರಿದು ಹೋಗುತ್ತದೆ.

ನಾಲ್ಕೂ ಕಡೆ ಮುಚ್ಚಿದ ಒಂಟಿ ಮನೆ ಆಗಿಬಿಟ್ಟರೆ ಅದಕ್ಕೆ ಸರಿಹೊಂದುವ ತುಂಡು ಬರಲಿ ಎಂದು ಕಾಯಬೇಡಿ. ಅದರ ಪಕ್ಕದ ಸಾಲನ್ನೋ ಕಂಬಸಾಲನ್ನೋ ತುಂಬಿಸಿ ಅಳಿಸಿ, ಒಂದು ಗೋಡೆ ಹೋದರೆ ಆ ಮನೆ ತಾನೇ ತೆರೆದುಕೊಳ್ಳುತ್ತದೆ.